ಗೊರಕೆಗೆ ಶಸ್ತ್ರಚಿಕಿತ್ಸೆ: ಮಾಡಿಸುವ ಮುನ್ನ ಮತ್ತು ಮಾಡಿಸಿದ ಮೇಲೆ

ನಮ್ಮಣ್ಣ ಇಪ್ಪತ್ತು ವರ್ಷಗಳಿಂದ ಗೊರಕೆ ಹೊಡೆಯುತ್ತಿದ್ದರು. ಅದನ್ನು ಮನೆಯಲ್ಲಿ ಯಾರೂ ಕಾಯಿಲೆಯೆಂದು ಎಣಿಸಿರಲಿಲ್ಲ. ದಿನವಿಡೀ ಅಂಗಡಿಯಲ್ಲಿ ನಿಂತು ದಣಿದವರು, ಮಲಗಿದರೆ ಒಳ್ಳೆಯ ನಿದ್ದೆ ಎಂದೇ ತಿಳಿದಿದ್ದೆವು. ಒಂದು ರಾತ್ರಿ ನಿದ್ದೆ ಬಾರದೆ ಎದ್ದು ಕುಳಿತಿದ್ದ ಅತ್ತಿಗೆಗೆ, ಗೊರಕೆ ಥಟ್ಟನೆ ನಿಂತದ್ದು ಗೊತ್ತಾಯಿತು. ಎದೆ ಏರಿಳಿಯುತ್ತಿತ್ತು, ಆದರೆ ಮೂಗಿನ ಬಳಿ ಹಿಡಿದ ಕೈಗೆ ಉಸಿರು ತಾಗಲಿಲ್ಲ. ಗೋಡೆ ಗಡಿಯಾರದ ಮುಳ್ಳು ನೋಡುತ್ತ ಅವರು ಹದಿನೆಂಟು ಸೆಕೆಂಡು ಎಣಿಸಿದ ಮೇಲೆ, ಮುಳುಗಿದವರು ನೀರಿನಿಂದ ತಲೆಯೆತ್ತಿದಂತೆ ದೊಡ್ಡ ಸದ್ದಿನೊಂದಿಗೆ ಉಸಿರು ಮರಳಿತು. ಮರುವಾರ ನಾವು ಹೋದ ಮೊದಲ ಚಿಕಿತ್ಸಾಲಯದಲ್ಲಿ ಬಾಯಿ ತೆರೆಸಿ, ಟಾರ್ಚ್ ಹಾಕಿ ನೋಡಿ, ಕಿರುನಾಲಿಗೆ ಉದ್ದವಾಗಿದೆ, ಲೇಸರ್‌ನಲ್ಲಿ ಕತ್ತರಿಸಿದರೆ ಗೊರಕೆ ನಿಲ್ಲುತ್ತದೆ, ಶನಿವಾರ ಬನ್ನಿ ಎಂದರು. ನಿದ್ರೆಯ ಪರೀಕ್ಷೆಯ ಮಾತೇ ಬರಲಿಲ್ಲ. ನಾವು ಶನಿವಾರ ಹೋಗಲಿಲ್ಲ. ಹೋಗದಿದ್ದದ್ದು ಏಕೆ ಸರಿಯಾಯಿತು, ಅದರ ಬದಲು ಏನು ಮಾಡಬೇಕಿತ್ತು ಎಂಬುದನ್ನು, ಇದೇ ಹಾದಿಯಲ್ಲಿರುವ ಇತರರಿಗಾಗಿ ಹಂತ ಹಂತವಾಗಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲಿಗೆ ಒಂದು ವ್ಯತ್ಯಾಸ ಸ್ಪಷ್ಟವಾಗಬೇಕು. ಎಚ್ಚರವಿರುವಾಗ ಗಂಟಲಿನ ಸ್ನಾಯುಗಳು ಗಾಳಿಯ ದಾರಿಯನ್ನು ತೆರೆದು ಹಿಡಿದಿರುತ್ತವೆ. ನಿದ್ರೆಯಲ್ಲಿ ಅವು ಸಡಿಲವಾಗುತ್ತವೆ. ಆಗ ಕಿರಿದಾದ ದಾರಿಯಲ್ಲಿ ಗಾಳಿ ನುಗ್ಗುವಾಗ ಮೆದು ಅಂಗುಳ, ಕಿರುನಾಲಿಗೆ ಮತ್ತು ಗಂಟಲಿನ ಪಕ್ಕದ ಗೋಡೆಗಳು ಅದುರಿ ಹೊರಡುವ ಸದ್ದೇ ಗೊರಕೆ. ಆ ದಾರಿ ಪೂರ್ತಿ ಮುಚ್ಚಿಕೊಂಡು ಉಸಿರು ಕನಿಷ್ಠ 10 ಸೆಕೆಂಡು ನಿಂತರೆ ಅದು ಅಪ್ನಿಯಾ. ಅರೆಬರೆ ಮುಚ್ಚಿ ಉಸಿರು ಕುಗ್ಗಿ, ರಕ್ತದ ಆಮ್ಲಜನಕ ಇಳಿದರೆ ಅಥವಾ ಮೆದುಳು ಕ್ಷಣಕಾಲ ಎಚ್ಚೆತ್ತರೆ ಅದು ಹೈಪಾಪ್ನಿಯಾ. ಗೊರಕೆ ಸದ್ದು, ಅಪ್ನಿಯಾ ತಡೆ. ಎರಡೂ ಒಂದೇ ಗಂಟಲಿನಲ್ಲಿ ಹುಟ್ಟಿದರೂ ಒಂದರ ಮದ್ದು ಇನ್ನೊಂದಕ್ಕೆ ನಾಟುತ್ತದೆಂಬ ಭರವಸೆಯಿಲ್ಲ. ಕಿರುನಾಲಿಗೆಯನ್ನಷ್ಟೇ ಕತ್ತರಿಸಿದಾಗ ಸದ್ದು ಅಡಗಿ ತಡೆ ಹಾಗೇ ಉಳಿದುಬಿಟ್ಟರೆ, ಪಕ್ಕದಲ್ಲಿ ಮಲಗಿದವರು ನಿಶ್ಚಿಂತೆಯಿಂದ ನಿದ್ರಿಸುತ್ತಾರೆ, ರೋಗಿಯ ಉಸಿರು ಮಾತ್ರ ಯಾರಿಗೂ ಗೊತ್ತಾಗದಂತೆ ನಿಲ್ಲುತ್ತಿರುತ್ತದೆ. ನನ್ನ ಮಟ್ಟಿಗೆ ಈ ಲೇಖನದ ತಿರುಳು ಇದೇ: ಅಳೆಯದೆ ಕತ್ತರಿಸಬಾರದು.

ಮೊದಲ ಹೆಜ್ಜೆ: ಮನೆಯಲ್ಲೇ ಗಮನಿಸಿ

ಗೊರಕೆ ಹೊಡೆಯುವವರಿಗೆ ತಮ್ಮ ಗೊರಕೆಯ ಬಗ್ಗೆ ಏನೂ ಗೊತ್ತಿರುವುದಿಲ್ಲ. ಆದ್ದರಿಂದ ವೈದ್ಯರ ಬಳಿಗೆ ಹೆಂಡತಿ, ಗಂಡ ಅಥವಾ ಒಂದೇ ಕೋಣೆಯಲ್ಲಿ ಮಲಗುವ ಯಾರಾದರೂ ಜೊತೆಗೆ ಹೋಗಲೇಬೇಕು. ಅದಕ್ಕೂ ಮೊದಲು ಎರಡು ಮೂರು ರಾತ್ರಿ, ನಸುಕಿನ ಮೂರರಿಂದ ಐದು ಗಂಟೆಯ ಸುಮಾರಿಗೆ, ಮೊಬೈಲಿನಲ್ಲಿ ಹತ್ತು ಹತ್ತು ನಿಮಿಷದ ವಿಡಿಯೊ ಮಾಡಿಕೊಳ್ಳಿ. ಮುಖ ಮತ್ತು ಎದೆ ಎರಡೂ ಕಾಣುವಂತಿರಲಿ. ಅಂಗಾತ ಮಲಗಿದಾಗ ಹೇಗೆ, ಮಗ್ಗುಲಾಗಿ ಮಲಗಿದಾಗ ಹೇಗೆ, ಬಾಯಿ ತೆರೆದಿತ್ತೇ ಮುಚ್ಚಿತ್ತೇ ಎಂಬುದನ್ನು ಬರೆದಿಡಿ. ಈ ಮೂರು ಸಾಲು ವೈದ್ಯರಿಗೆ ಬಹಳ ನೆರವಾಗುತ್ತವೆ.

ಹಗಲಿನ ಲಕ್ಷಣಗಳನ್ನೂ ನೋಡಿ. ಬೆಳಿಗ್ಗೆ ತಲೆನೋವು, ಬಾಯಿ ಒಣಗುವುದು, ರಾತ್ರಿ ಪದೇ ಪದೇ ಮೂತ್ರಕ್ಕೆ ಏಳುವುದು, ಬಸ್ಸಿನಲ್ಲಿ ಕುಳಿತ ಕೂಡಲೇ ತೂಕಡಿಕೆ, ಮಾತ್ರೆ ನುಂಗುತ್ತಿದ್ದರೂ ಇಳಿಯದ ಬಿಪಿ, ಇವೆಲ್ಲ ಗೊರಕೆಯ ಜೊತೆ ಸೇರಿದರೆ ಸುಮ್ಮನಿರುವಂತಿಲ್ಲ. ಆಸ್ಟ್ರೇಲಿಯಾದ ಮೆಲ್ಬರ್ನ್‌ನ ವೈದ್ಯ ಮರ್ರೆ ಜಾನ್ಸ್ 1991ರಲ್ಲಿ ರೂಪಿಸಿದ ಎಪ್ವರ್ತ್ ಪ್ರಶ್ನಾವಳಿಯಲ್ಲಿ ಓದುವಾಗ, ಟಿವಿ ನೋಡುವಾಗ, ಊಟದ ನಂತರ ಸುಮ್ಮನೆ ಕುಳಿತಾಗ ಎಂಬಂತಹ 8 ಸಂದರ್ಭಗಳಿಗೆ 0ಯಿಂದ 3ರವರೆಗೆ ಅಂಕ ಕೊಡಬೇಕು. ಒಟ್ಟು 24ರಲ್ಲಿ 10ಕ್ಕಿಂತ ಹೆಚ್ಚು ಬಂದರೆ ಹಗಲು ನಿದ್ದೆ ಮಿತಿ ಮೀರಿದೆ ಎಂದರ್ಥ. ಲಾರಿ, ಬಸ್ಸು, ಟ್ಯಾಕ್ಸಿ ಓಡಿಸುವವರು ಇಷ್ಟು ಅಂಕ ಬಂದ ದಿನವೇ ರಾತ್ರಿ ಪಾಳಿಯನ್ನು ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಇದರಲ್ಲಿ ಅವರ ಜೀವವಷ್ಟೇ ಅಲ್ಲ, ರಸ್ತೆಯ ಮೇಲಿನ ಇತರರ ಜೀವವೂ ಇದೆ.

ಎರಡನೆಯ ಹೆಜ್ಜೆ: ನಿದ್ರೆಯ ಪರೀಕ್ಷೆ ಮಾಡಿಸಿ, ವರದಿಯನ್ನು ಓದಲು ಕಲಿಯಿರಿ

ಸ್ಲೀಪ್ ಸ್ಟಡಿ ಎಂದೇ ಎಲ್ಲರೂ ಕರೆಯುವ ಈ ಪರೀಕ್ಷೆ ಎರಡು ಬಗೆಯದು. ಪ್ರಯೋಗಾಲಯದಲ್ಲಿ ಒಂದು ರಾತ್ರಿ ಮಲಗಿ, ತಲೆಗೆ, ಕಣ್ಣಿನ ಪಕ್ಕಕ್ಕೆ, ಗಲ್ಲಕ್ಕೆ, ಎದೆಗೆ, ಕಾಲಿಗೆ ತಂತಿ ಅಂಟಿಸಿಕೊಂಡು ಮಾಡಿಸುವುದು ಪೂರ್ಣ ಪರೀಕ್ಷೆ. ಬೆರಳಿಗೊಂದು ಕ್ಲಿಪ್, ಮೂಗಿಗೊಂದು ಸಣ್ಣ ನಳಿಕೆ, ಎದೆಗೊಂದು ಪಟ್ಟಿ ಕಟ್ಟಿಕೊಂಡು ನಮ್ಮ ಹಾಸಿಗೆಯಲ್ಲೇ ಮಲಗುವುದು ಮನೆ ಪರೀಕ್ಷೆ. ಮನೆ ಪರೀಕ್ಷೆ ಅಗ್ಗ, ಆರಾಮ. ಆದರೆ ನೀವು ನಿಜಕ್ಕೂ ಎಷ್ಟು ಹೊತ್ತು ನಿದ್ರಿಸಿದಿರಿ ಎಂಬುದು ಇಂತಹ ಸಾಮಾನ್ಯ ಯಂತ್ರಕ್ಕೆ ತಿಳಿಯುವುದಿಲ್ಲ. ಎಚ್ಚರವಿದ್ದ ಗಂಟೆಗಳೂ ಲೆಕ್ಕಕ್ಕೆ ಸೇರಿ ಸಂಖ್ಯೆ ಕಡಿಮೆ ಬರುವ ಸಾಧ್ಯತೆಯಿದೆ. ತೊಂದರೆ ಸೌಮ್ಯವಾಗಿರುವವರಲ್ಲಿ ಈ ಸಣ್ಣ ತಪ್ಪೇ, ಕಾಯಿಲೆ ಇದೆ ಎಂಬುದನ್ನು ಇಲ್ಲ ಎಂದು ತೋರಿಸಿಬಿಡಬಹುದು. ಲಕ್ಷಣಗಳಿದ್ದೂ ಮನೆ ಪರೀಕ್ಷೆ ಸರಿಯಾಗಿದೆ ಎಂದರೆ ಪೂರ್ಣ ಪರೀಕ್ಷೆಯನ್ನು ಕೇಳಿ ಮಾಡಿಸಿಕೊಳ್ಳಿ.

ವರದಿಯಲ್ಲಿ ಮೊದಲು ನೋಡಬೇಕಾದದ್ದು ಎ.ಎಚ್.ಐ. ಎಂಬ ಸಂಖ್ಯೆ: ಗಂಟೆಗೆ ಎಷ್ಟು ಬಾರಿ ಉಸಿರು ನಿಂತಿತು ಅಥವಾ ಕುಗ್ಗಿತು ಎಂಬ ಲೆಕ್ಕ. ವಯಸ್ಕರಲ್ಲಿ 5ಕ್ಕಿಂತ ಕಡಿಮೆಯಿದ್ದರೆ ಸಹಜ, 5ರಿಂದ 15ರೊಳಗಿದ್ದರೆ ಸೌಮ್ಯ, 15ರಿಂದ 30ರವರೆಗೆ ಮಧ್ಯಮ, ಅದಕ್ಕೂ ಮೇಲಿದ್ದರೆ ತೀವ್ರ. ಆದರೆ ಆ ಒಂದು ಸಂಖ್ಯೆಯನ್ನು ನೋಡಿ ವರದಿಯನ್ನು ಮಡಚಿಡಬೇಡಿ. ಆಮ್ಲಜನಕ ಎಷ್ಟಕ್ಕೆ ಇಳಿದಿತ್ತು, ಶೇ 90ಕ್ಕಿಂತ ಕೆಳಗೆ ಎಷ್ಟು ಹೊತ್ತು ಇತ್ತು, ಅಂಗಾತ ಮಲಗಿದಾಗಿನ ಸಂಖ್ಯೆ ಎಷ್ಟು, ಮಗ್ಗುಲಾದಾಗಿನದು ಎಷ್ಟು ಎಂಬುದನ್ನೂ ಕೇಳಿ ತಿಳಿಯಿರಿ. ಜೊತೆಗೆ ಸೆಂಟ್ರಲ್ ಎಂದು ಗುರುತಿಸಿದ ಘಟನೆಗಳೇ ಹೆಚ್ಚಿದ್ದರೆ, ಮೆದುಳಿನಿಂದಲೇ ಉಸಿರಿನ ಸೂಚನೆ ಬರುತ್ತಿಲ್ಲ ಎಂದರ್ಥ; ಗಂಟಲಿನ ಯಾವ ಶಸ್ತ್ರಚಿಕಿತ್ಸೆಯೂ ಅದಕ್ಕೆ ಪರಿಹಾರವಲ್ಲ. ಅಣ್ಣನ ಎ.ಎಚ್.ಐ. 12 ಇತ್ತು, ಅಂಗಾತ ಮಲಗಿದಾಗ 23, ಮಗ್ಗುಲಾದಾಗ 5. ಈ ಎರಡು ಸಂಖ್ಯೆಗಳ ಅಂತರವೇ ಮುಂದಿನ ಹಾದಿಯ ಅರ್ಧವನ್ನು ತೋರಿಸಿತು.

ಮೂರನೆಯ ಹೆಜ್ಜೆ: ಕತ್ತರಿ ಇಲ್ಲದೆ ಆಗುವುದನ್ನು ಮೊದಲು ಮಾಡಿ

ತೂಕ ಇಳಿಸಿ ಎಂಬ ಮಾತು ಎಲ್ಲರಿಗೂ ಬೇಸರ ತರಿಸುವಂಥದ್ದು, ಆದರೂ ಇಲ್ಲಿ ಅದಕ್ಕೆ ಗಟ್ಟಿಯಾದ ಆಧಾರವಿದೆ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ವರ್ಷಗಟ್ಟಲೆ ನಡೆದು 2000ದಲ್ಲಿ ಪ್ರಕಟವಾದ ಅಧ್ಯಯನದ ಲೆಕ್ಕದಂತೆ, ತೂಕ ಶೇ 10ರಷ್ಟು ಏರಿದರೆ ಎ.ಎಚ್.ಐ. ಸುಮಾರು ಶೇ 32ರಷ್ಟು ಏರುತ್ತದೆ, ಶೇ 10ರಷ್ಟು ಇಳಿದರೆ ಶೇ 26ರಷ್ಟು ಇಳಿಯುತ್ತದೆ. ಎಂಬತ್ತು ಕಿಲೊ ಇರುವವರಿಗೆ ಅದು ಎಂಟು ಕಿಲೊ. ಸಂಜೆಯ ಮದ್ಯ ಮತ್ತು ನಿದ್ರೆ ಮಾತ್ರೆಗಳು ಗಂಟಲಿನ ಸ್ನಾಯುಗಳನ್ನು ಇನ್ನಷ್ಟು ಸಡಿಲಗೊಳಿಸುತ್ತವೆ. ಧೂಮಪಾನ ಒಳಪದರವನ್ನು ಊದಿಸುತ್ತದೆ. ಥೈರಾಯ್ಡ್ ಕಡಿಮೆಯಿದ್ದರೂ ಇದೇ ತೊಂದರೆ ಬರುವುದರಿಂದ ಒಂದು ಟಿ.ಎಸ್.ಎಚ್. ರಕ್ತಪರೀಕ್ಷೆ ಮಾಡಿಸುವುದು ಒಳ್ಳೆಯದು. ಅಂಗಾತ ಮಲಗಿದಾಗ ಮಾತ್ರ ತೊಂದರೆ ಹೆಚ್ಚುವವರು ಬೆನ್ನಿಗೆ ದಿಂಬಿನ ಆಸರೆ ಇಟ್ಟು ಮಗ್ಗುಲಾಗಿ ಮಲಗುವ ಅಭ್ಯಾಸ ಮಾಡಿಕೊಂಡರೆ ಎಷ್ಟೋ ಇಳಿಯುತ್ತದೆ.

ಇವಲ್ಲದೆ ಎರಡು ಸಾಧನಗಳಿವೆ. ಕೆಳದವಡೆಯನ್ನು ಕೆಲವು ಮಿಲಿಮೀಟರ್ ಮುಂದಕ್ಕೆ ಹಿಡಿಯುವ, ದಂತವೈದ್ಯರು ಅಳತೆಗೆ ಮಾಡಿಕೊಡುವ ಅಚ್ಚು ಗೊರಕೆಗೂ ಸೌಮ್ಯ ಅಪ್ನಿಯಾಕ್ಕೂ ಚೆನ್ನಾಗಿ ಒದಗುತ್ತದೆ. ಸಿಡ್ನಿಯ ಕಾಲಿನ್ ಸಲಿವನ್ 1981ರಲ್ಲಿ ಮೊದಲು ವರದಿ ಮಾಡಿದ ಸಿ-ಪ್ಯಾಪ್ ಯಂತ್ರ, ಮುಖವಾಡದ ಮೂಲಕ ಗಾಳಿಯ ಒತ್ತಡ ಕೊಟ್ಟು ಗಂಟಲನ್ನು ತೆರೆದಿಡುತ್ತದೆ, ಎ.ಎಚ್.ಐ. ಇಳಿಸುವುದರಲ್ಲಿ ಅದಕ್ಕೆ ಸರಿಸಾಟಿ ಇಲ್ಲ. ಆದರೆ ಸೌಮ್ಯ ತೊಂದರೆಯವರು ಜೀವನಪೂರ್ತಿ ಮುಖವಾಡ ಕಟ್ಟಿಕೊಳ್ಳಲು ಒಪ್ಪುವುದು ಕಷ್ಟ, ಒಪ್ಪಿದವರೂ ಮೂಗು ಕಟ್ಟಿ ಬಿಟ್ಟುಬಿಡುವುದುಂಟು. ಶಸ್ತ್ರಚಿಕಿತ್ಸೆಯ ಪ್ರಶ್ನೆ ನ್ಯಾಯವಾಗಿ ಹುಟ್ಟುವುದು ಇಲ್ಲಿ: ಇವೆಲ್ಲ ಪ್ರಾಮಾಣಿಕವಾಗಿ ಪ್ರಯತ್ನಿಸಿ ಸೋತಾಗ, ಅಥವಾ ಗಂಟಲಿನಲ್ಲಿ ದೊಡ್ಡ ಟಾನ್ಸಿಲ್‌ಗಳಂತಹ ಕಣ್ಣಿಗೆ ಕಾಣುವ ಅಡ್ಡಿ ಇದ್ದಾಗ. ಮಕ್ಕಳ ವಿಷಯ ಬೇರೆ. ಅವರಲ್ಲಿ ಮೂಗಿನ ಹಿಂಬದಿಯ ಅಡಿನಾಯ್ಡ್ ಗ್ರಂಥಿ ಮತ್ತು ಟಾನ್ಸಿಲ್ ತೆಗೆಯುವುದೇ ಸಾಮಾನ್ಯವಾಗಿ ಮೊದಲ ಚಿಕಿತ್ಸೆ.

ನಾಲ್ಕನೆಯ ಹೆಜ್ಜೆ: ತಡೆ ಎಲ್ಲಿದೆ ಎಂದು ಪತ್ತೆ ಮಾಡಿಸಿ

ಎಚ್ಚರವಿರುವ ಗಂಟಲು ಮತ್ತು ಮಲಗಿದ ಗಂಟಲು ಒಂದೇ ಅಲ್ಲ. ಟಾರ್ಚ್ ಬೆಳಕಿನಲ್ಲಿ ಕಿರುನಾಲಿಗೆ ಉದ್ದವಾಗಿ ಕಂಡಿತೆಂದ ಮಾತ್ರಕ್ಕೆ ಅದೇ ಅಪರಾಧಿಯಾಗಬೇಕಿಲ್ಲ. ಮೂಗಿನ ನಡುಗೋಡೆ ಸೊಟ್ಟಗಿರಬಹುದು, ಟಾನ್ಸಿಲ್‌ಗಳು ಎರಡೂ ಬದಿಯಿಂದ ಒತ್ತುತ್ತಿರಬಹುದು, ನಾಲಿಗೆಯ ಬುಡ ಹಿಂದಕ್ಕೆ ಜಾರುತ್ತಿರಬಹುದು. ಇದನ್ನು ತಿಳಿಯಲು ಇ.ಎನ್.ಟಿ. ತಜ್ಞರು ಮೂಗಿನ ಮೂಲಕ ತೆಳುವಾದ ಎಂಡೋಸ್ಕೋಪ್ ಇಳಿಸಿ ನೋಡುತ್ತಾರೆ. ಶಸ್ತ್ರಚಿಕಿತ್ಸೆ ಖಚಿತವಾಗುತ್ತಿದ್ದರೆ, ಔಷಧಿಯಿಂದ ನಿದ್ರೆ ಬರಿಸಿ ಅದೇ ಎಂಡೋಸ್ಕೋಪಿಯನ್ನು ಮಾಡುವ ಡೈಸ್ ಎಂಬ ಪರೀಕ್ಷೆ ಇದೆ. ಲಂಡನ್ನಿನ ಕ್ರಾಫ್ಟ್ ಮತ್ತು ಪ್ರಿಂಗಲ್ ಎಂಬ ವೈದ್ಯರು 1991ರಲ್ಲಿ ಇದನ್ನು ವಿವರಿಸಿದರು. ಮೆದು ಅಂಗುಳ, ಗಂಟಲಿನ ಪಕ್ಕದ ಗೋಡೆ, ನಾಲಿಗೆಯ ಬುಡ, ಕಿರುನಾಲಿಗೆಗಿಂತ ಕೆಳಗಿರುವ ಎಪಿಗ್ಲಾಟಿಸ್ ಎಂಬ ಮುಚ್ಚಳ, ಈ ನಾಲ್ಕರಲ್ಲಿ ಯಾವುದು, ಎಷ್ಟು, ಯಾವ ದಿಕ್ಕಿನಲ್ಲಿ ಮುಚ್ಚಿಕೊಳ್ಳುತ್ತದೆ ಎಂದು ಆಗ ಕಣ್ಣಾರೆ ಕಾಣುತ್ತದೆ. ಆ ವಿಡಿಯೊವನ್ನು ನಿಮಗೂ ತೋರಿಸಿ ವಿವರಿಸುವಂತೆ ಕೇಳಲು ಸಂಕೋಚ ಬೇಡ.

ಐದನೆಯ ಹೆಜ್ಜೆ: ಯಾವ ಶಸ್ತ್ರಚಿಕಿತ್ಸೆ ಎಂಬುದನ್ನು ಅರಿತು ಆರಿಸಿ

ಮೂಗಿನ ಶಸ್ತ್ರಚಿಕಿತ್ಸೆಯಿಂದ, ಅಂದರೆ ಸೊಟ್ಟಗಿರುವ ನಡುಗೋಡೆಯನ್ನು ನೇರ ಮಾಡುವುದರಿಂದ ಅಥವಾ ಮೂಗಿನೊಳಗಿನ ಊದಿದ ಮಡಿಕೆಗಳಾದ ಟರ್ಬಿನೇಟ್‌ಗಳನ್ನು ಕುಗ್ಗಿಸುವುದರಿಂದ, ಉಸಿರಾಟ ಹಗುರಾಗುತ್ತದೆ, ಗೊರಕೆ ತಗ್ಗಬಹುದು, ಸಿ-ಪ್ಯಾಪ್ ಕಟ್ಟಿಕೊಳ್ಳುವುದು ಸುಲಭವಾಗುತ್ತದೆ. ಆದರೆ ಎ.ಎಚ್.ಐ. ಅದರಿಂದಲೇ ಹೆಚ್ಚು ಇಳಿಯುತ್ತದೆಂದು ನಿರೀಕ್ಷಿಸಬಾರದು.

ಅಪ್ನಿಯಾ ಇಲ್ಲದ ಬರೀ ಗೊರಕೆಗೆ, ಅದೂ ಅಂಗುಳದಿಂದಲೇ ಹೊರಡುವ ಗೊರಕೆಗೆ, ರೇಡಿಯೊ ಫ್ರೀಕ್ವೆನ್ಸಿ ಚಿಕಿತ್ಸೆ ಇದೆ. ಸೂಜಿಯಂತಹ ಕಡ್ಡಿಯನ್ನು ಮೆದು ಅಂಗುಳದೊಳಗೆ ಚುಚ್ಚಿ ಹದವಾದ ಶಾಖ ಕೊಟ್ಟರೆ ಒಳಗೆ ಕಲೆ ಕಟ್ಟಿ ಅಂಗುಳ ಬಿಗಿಯಾಗುತ್ತದೆ. ಆ ಜಾಗಕ್ಕಷ್ಟೇ ಅರಿವಳಿಕೆ ಸಾಕು, ನೋವು ಕಡಿಮೆ, ಸಾಮಾನ್ಯವಾಗಿ ಅಂದೇ ಮನೆಗೆ ಹೋಗಬಹುದು. ಆದರೆ ಒಂದಕ್ಕಿಂತ ಹೆಚ್ಚು ಬಾರಿ ಮಾಡಿಸಬೇಕಾಗಬಹುದು, ವರ್ಷಗಳು ಕಳೆದಂತೆ ಪರಿಣಾಮ ತಗ್ಗುವುದೂ ಉಂಟು. ಲೇಸರ್‌ನಿಂದ ಕಿರುನಾಲಿಗೆ ಕತ್ತರಿಸುವ ಲಾಪ್ ಎಂಬ ವಿಧಾನ 1990ರ ಆಸುಪಾಸಿನಲ್ಲಿ ಪ್ಯಾರಿಸ್‌ನಿಂದ ಹಬ್ಬಿ ಬಹಳ ಜನಪ್ರಿಯವಾಯಿತು. ಆದರೆ ಅಮೆರಿಕದ ನಿದ್ರಾ ವೈದ್ಯಕೀಯ ಅಕಾಡೆಮಿ 2010ರ ತನ್ನ ಮಾರ್ಗಸೂಚಿಯಲ್ಲಿ ಅಪ್ನಿಯಾ ಚಿಕಿತ್ಸೆಯಾಗಿ ಇದನ್ನು ರೂಢಿಯಂತೆ ಬಳಸಬಾರದು ಎಂದಿತು. ಕತ್ತರಿಸಿದ ಅಂಚಿನ ಕಲೆ ಕುಗ್ಗಿ ದಾರಿ ಇನ್ನೂ ಕಿರಿದಾಗುವ ಅಪಾಯ ಇದರಲ್ಲಿದೆ. ನಮಗೆ ಶನಿವಾರ ಬನ್ನಿ ಎಂದು ಹೇಳಿದ್ದು ಇದಕ್ಕೇ ಎಂದು ನೆನೆದರೆ ಈಗಲೂ ಸಂಕಟವಾಗುತ್ತದೆ.

ಇನ್ನು ಹೆಚ್ಚು ಚರ್ಚೆಯಾಗುವುದು ಯು.ಪಿ.ಪಿ.ಪಿ. ಎಂಬ ಅಂಗುಳದ ಶಸ್ತ್ರಚಿಕಿತ್ಸೆ. ಜಪಾನಿನ ಇಕೆಮಾತ್ಸು 1950ರ ದಶಕದಲ್ಲಿ ಗೊರಕೆಗಾಗಿ ಇದರ ಮೂಲರೂಪವನ್ನು ಮಾಡಿದರು. ಅಮೆರಿಕದ ಡೆಟ್ರಾಯಿಟ್‌ನಲ್ಲಿ ಶಿರೊ ಫುಜಿತಾ 1981ರಲ್ಲಿ ಅಪ್ನಿಯಾಕ್ಕೆ ಬಳಸಿದರು. ಟಾನ್ಸಿಲ್ ತೆಗೆದು, ಕಿರುನಾಲಿಗೆ ಮತ್ತು ಮೆದು ಅಂಗುಳದ ಅಂಚನ್ನು ಕತ್ತರಿಸಿ ಹೊಲಿಯುವುದು ಇದರ ಕ್ರಮ. ಯಾರನ್ನೆಂದರೆ ಅವರನ್ನು ಆರಿಸಿ ಮಾಡಿದಾಗ ಸುಮಾರು ಶೇ 40 ಜನರಿಗಷ್ಟೇ ಗುಣ ಸಿಕ್ಕಿತೆಂದು 1996ರ ಒಂದು ವಿಮರ್ಶೆ ತೋರಿಸಿತು. ಷಿಕಾಗೊದ ಮೈಕೆಲ್ ಫ್ರೀಡ್‌ಮನ್ 2002ರಲ್ಲಿ ಇದಕ್ಕೆ ಕಾರಣವನ್ನು ಬಿಡಿಸಿಟ್ಟರು. ಟಾನ್ಸಿಲ್ ದೊಡ್ಡದಿದ್ದು, ಬಾಯಿ ತೆರೆದಾಗ ಅಂಗುಳದ ಅಂಚು ಸ್ಪಷ್ಟವಾಗಿ ಕಾಣುವವರಲ್ಲಿ ಸುಮಾರು ಶೇ 80 ಮಂದಿಗೆ ಫಲ ಸಿಕ್ಕಿತು; ಟಾನ್ಸಿಲ್ ಸಣ್ಣದಿದ್ದು ನಾಲಿಗೆಯೇ ಗಂಟಲನ್ನು ಮರೆಮಾಡುವವರಲ್ಲಿ ಶೇ 8ರ ಆಸುಪಾಸಿಗೆ ಇಳಿಯಿತು. ಒಂದೇ ಕತ್ತರಿ, ಒಂದೇ ಹೊಲಿಗೆ. ಫಲವನ್ನು ನಿರ್ಧರಿಸಿದ್ದು ಗಂಟಲಿನ ರಚನೆ. ಗಮನಿಸಿ, ಇಂತಹ ಲೆಕ್ಕಗಳಲ್ಲಿ ಯಶಸ್ಸು ಎಂದರೆ ಎ.ಎಚ್.ಐ. ಅರ್ಧಕ್ಕಿಳಿದು 20ಕ್ಕಿಂತ ಕಡಿಮೆಯಾಗುವುದು, ಪೂರ್ತಿ ವಾಸಿಯಾಗುವುದಲ್ಲ. ಈಗಾಗಲೇ 12 ಇರುವವರಿಗೆ ಈ ಅಳತೆಗೋಲು ಹೆಚ್ಚೇನನ್ನೂ ಹೇಳುವುದಿಲ್ಲ. ಆದ್ದರಿಂದ 5ಕ್ಕಿಂತ ಕೆಳಗೆ ಇಳಿಯುವ ಸಾಧ್ಯತೆ ಎಷ್ಟು ಎಂದೇ ನೇರವಾಗಿ ಕೇಳಿ.

ಇತ್ತೀಚಿನ ವಿಧಾನಗಳಲ್ಲಿ ಕತ್ತರಿಸಿ ಎಸೆಯುವುದಕ್ಕಿಂತ ಇರುವುದನ್ನು ಎಳೆದು ಕಟ್ಟುವುದಕ್ಕೆ ಒತ್ತು. ಸಿಂಗಪುರದ ಕೆನ್ನಿ ಪ್ಯಾಂಗ್ ಮತ್ತು ಅಮೆರಿಕದ ಟಕರ್ ವುಡ್‌ಸನ್ 2007ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಟಾನ್ಸಿಲ್ ತೆಗೆದ ನಂತರ ಅದರ ಹಿಂದಿನ ಸ್ನಾಯುವನ್ನು ಬಿಡಿಸಿ ಮೇಲಕ್ಕೂ ಪಕ್ಕಕ್ಕೂ ತಿರುಗಿಸಿ ಹೊಲಿಯುತ್ತಾರೆ. ಪಕ್ಕದ ಗೋಡೆ ಒಳಕ್ಕೆ ಕುಸಿಯುವವರಿಗೆ ಇದು ಸೂಕ್ತ. ಇಟಲಿಯ ಕ್ಲಾಡಿಯೊ ವಿಚಿನಿ ಮುಳ್ಳಿರುವ ದಾರ ಬಳಸಿ ಇದೇ ಕೆಲಸವನ್ನು ಇನ್ನಷ್ಟು ಮೃದುವಾಗಿಸಿದರು. ಅಂಗುಳವನ್ನು ಉಳಿಸಿಕೊಳ್ಳುವುದರಿಂದ ಇನ್ನೊಂದು ಲಾಭವೂ ಇದೆ: ಅಂಗುಳವನ್ನು ಹೆಚ್ಚು ಕತ್ತರಿಸಿದವರಿಗೆ ಮುಂದೆಂದಾದರೂ ಸಿ-ಪ್ಯಾಪ್ ಬೇಕಾದರೆ ಬಾಯಿಯಿಂದ ಗಾಳಿ ಸೋರಿ ಅದು ಸರಿಯಾಗಿ ಒದಗುವುದಿಲ್ಲ. ದವಡೆಯನ್ನು ಮುಂದಕ್ಕೆ ತರುವ ದೊಡ್ಡ ಶಸ್ತ್ರಚಿಕಿತ್ಸೆ, ನಾಲಿಗೆಯ ನರಕ್ಕೆ ಮಿಡಿತ ಕೊಡುವ, ಅಮೆರಿಕದಲ್ಲಿ 2014ರಲ್ಲಿ ಅನುಮತಿ ಪಡೆದ ಯಂತ್ರ, ಇವು ಮಧ್ಯಮ ಮತ್ತು ತೀವ್ರ ಅಪ್ನಿಯಾದವರಿಗೆ. ಸೌಮ್ಯ ತೊಂದರೆಯವರು ಅವುಗಳ ಗೋಜಿಗೆ ಹೋಗಬೇಕಿಲ್ಲ.

ಆರನೆಯ ಹೆಜ್ಜೆ: ದಾಖಲಾಗುವ ಮುನ್ನ

ಅರಿವಳಿಕೆ ತಜ್ಞರಿಗೆ ನಿಮಗೆ ಅಪ್ನಿಯಾ ಇದೆಯೆಂಬುದನ್ನು ನೀವೇ ಬಾಯಿಬಿಟ್ಟು ಹೇಳಿ, ವರದಿಯ ಪ್ರತಿ ಕೊಡಿ. ಅರಿವಳಿಕೆ ಮತ್ತು ಬಲವಾದ ನೋವಿನ ಔಷಧಿಗಳು ಉಸಿರನ್ನು ಇನ್ನೂ ಮಂದಗೊಳಿಸುವುದರಿಂದ ಅವರ ಲೆಕ್ಕಾಚಾರವೇ ಬದಲಾಗುತ್ತದೆ. ಮೊದಲ ರಾತ್ರಿ ಆಮ್ಲಜನಕದ ಮಟ್ಟವನ್ನು ನಿಗಾ ಇಟ್ಟು ನೋಡುವ ವ್ಯವಸ್ಥೆ ಇದೆಯೇ ಎಂದು ಕೇಳಿ. ಆಸ್ಪಿರಿನ್, ರಕ್ತ ತೆಳುವಾಗಿಸುವ ಮಾತ್ರೆ, ಮನೆಯಲ್ಲಿ ಕುಡಿಯುವ ಕಷಾಯ, ಎಲ್ಲದರ ಪಟ್ಟಿ ಕೊಡಿ. ನಿಲ್ಲಿಸುವುದನ್ನು ವೈದ್ಯರು ಹೇಳಿದ ಮೇಲೆಯೇ ನಿಲ್ಲಿಸಿ. ವಿಮೆ ಇದ್ದವರು, ಗೊರಕೆಯ ಚಿಕಿತ್ಸೆ ಎಂದು ಕಾಗದದಲ್ಲಿ ಬರೆದರೆ ಸೌಂದರ್ಯದ ಅಥವಾ ಐಚ್ಛಿಕ ಚಿಕಿತ್ಸೆಯೆಂದು ತಳ್ಳಿಹಾಕುವ ಸಾಧ್ಯತೆ ಇರುವುದರಿಂದ, ನಿದ್ರೆಯ ಪರೀಕ್ಷೆಯ ವರದಿಯೊಂದಿಗೆ ಮೊದಲೇ ಲಿಖಿತ ಒಪ್ಪಿಗೆ ಪಡೆಯುವುದು ಕ್ಷೇಮ.

ಏಳನೆಯ ಹೆಜ್ಜೆ: ಮೊದಲ ಎರಡು ವಾರ

ಇದನ್ನು ಯಾರೂ ಮುಚ್ಚಿಡದೆ ಹೇಳಬೇಕು: ದೊಡ್ಡವರಲ್ಲಿ ಟಾನ್ಸಿಲ್ ಮತ್ತು ಅಂಗುಳದ ಶಸ್ತ್ರಚಿಕಿತ್ಸೆಯ ನೋವು ಬಹಳ. ಹತ್ತರಿಂದ ಹದಿನಾಲ್ಕು ದಿನ ಇರುತ್ತದೆ, ನಾಲ್ಕೈದನೆಯ ದಿನ ಮೊದಲ ದಿನಕ್ಕಿಂತ ಹೆಚ್ಚೆನಿಸಬಹುದು. ಮುಂದೆ ಇಂಥದ್ದೇ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಅಣ್ಣ, ಮೂರನೆಯ ದಿನ ಎಂಜಲು ನುಂಗಲೂ ಹೆದರಿ ಬಟ್ಟಲಿಗೆ ಉಗುಳುತ್ತ ಕುಳಿತಿದ್ದರು. ನೋವಿನ ಮಾತ್ರೆಯನ್ನು ನೋವು ಬಂದ ಮೇಲಲ್ಲ, ಹೇಳಿದ ಹೊತ್ತಿಗೆ ತಪ್ಪದೆ ಕೊಡಬೇಕು; ಮಾತ್ರೆ ತೆಗೆದುಕೊಂಡ ಅರ್ಧ ಗಂಟೆಗೆ ಊಟ ಕೊಟ್ಟರೆ ಒಳಗೆ ಇಳಿಯುತ್ತದೆ ಎಂಬುದನ್ನು ಅತ್ತಿಗೆ ಎರಡು ದಿನದಲ್ಲಿ ಕಂಡುಕೊಂಡರು. ಆರಿದ ಗಂಜಿ, ತಣ್ಣಗಿನ ರಾಗಿ ಅಂಬಲಿ, ನೀರಾಗಿ ಕಲಸಿದ ಹುಳಿಯಿಲ್ಲದ ಮೊಸರನ್ನ, ಎಳನೀರು, ಐಸ್‌ಕ್ರೀಂ ನಡೆಯುತ್ತವೆ. ಬಿಸಿ ಸಾರು, ಖಾರ, ಹುಣಸೆಹುಳಿ, ರೊಟ್ಟಿ, ಚಕ್ಕುಲಿ ಎರಡು ವಾರ ದೂರವಿರಲಿ. ನೀರು ಕುಡಿಯದೆ ಗಂಟಲು ಒಣಗಿದರೆ ನೋವೂ ಹೆಚ್ಚುತ್ತದೆ, ರಕ್ತ ಬರುವ ಸಂಭವವೂ ಹೆಚ್ಚುತ್ತದೆ; ಗುಟುಕು ಗುಟುಕಾಗಿ ದಿನವಿಡೀ ಕುಡಿಸುತ್ತಿರಿ.

ಹೆದರಬೇಕಿಲ್ಲದ ಕೆಲವು ಸಂಗತಿಗಳಿವೆ. ಟಾನ್ಸಿಲ್ ತೆಗೆದ ಜಾಗದಲ್ಲಿ ಕಟ್ಟುವ ಬಿಳಿ ಪೊರೆ ಕೀವಲ್ಲ, ಗಾಯ ಮಾಯುವಾಗಿನ ಪದರ. ಕಿವಿಯಲ್ಲಿ ನೋವು ಬಂದರೆ ಅದು ಕಿವಿಯ ಸೋಂಕಲ್ಲ, ಗಂಟಲಿನ ನರವೇ ಕಿವಿಗೂ ಹೋಗುವುದರಿಂದ ಅಲ್ಲಿ ತೋರುವ ನೋವು. ನಾಲ್ಕನೆಯ ದಿನ ಅಣ್ಣ ಬಾಯಾರಿ ಗಟಗಟನೆ ನೀರು ಕುಡಿದಾಗ ಅರ್ಧ ನೀರು ಮೂಗಿನಿಂದ ಹೊರಬಂತು, ನಾವೆಲ್ಲ ಗಾಬರಿಯಾದೆವು. ಊದಿದ, ಬಿಗಿದ ಅಂಗುಳ ಮೂಗಿನ ಹಿಂದಿನ ಬಾಗಿಲನ್ನು ಪೂರ್ತಿ ಮುಚ್ಚಲಾರದ್ದರಿಂದ ಹೀಗಾಗುತ್ತದೆ, ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಸರಿಹೋಗುತ್ತದೆ. ಅಂಗುಳವನ್ನು ಮಿತಿಮೀರಿ ಕತ್ತರಿಸಿದವರಲ್ಲಿ ಮಾತ್ರ ಅದು ಕಾಯಂ ಆಗಿ ಉಳಿಯಬಹುದು. ಗಂಟಲಿನಲ್ಲಿ ಏನೋ ಸಿಕ್ಕಿಕೊಂಡಂತಹ ಭಾವ, ಒಣಗುವಿಕೆ, ರುಚಿಯ ವ್ಯತ್ಯಾಸ ಕೆಲವರಿಗೆ ತಿಂಗಳುಗಟ್ಟಲೆ ಇರುತ್ತದೆ. ಹಾಡುಗಾರರು ಮತ್ತು ಯಕ್ಷಗಾನದ ಭಾಗವತರಂತೆ ದನಿಯನ್ನೇ ನಂಬಿದವರು ದನಿಯ ಬದಲಾವಣೆಯ ಬಗ್ಗೆ ಮೊದಲೇ ವಿವರವಾಗಿ ಮಾತಾಡಬೇಕು.

ಹೆದರಬೇಕಾದದ್ದು ರಕ್ತಸ್ರಾವಕ್ಕೆ. ಅದು ಮೊದಲ ದಿನ ಬರಬಹುದು, ಇಲ್ಲವೇ ಪೊರೆ ಉದುರುವ 5ರಿಂದ 10ನೆಯ ದಿನದೊಳಗೆ, ಎಲ್ಲ ಸರಿಯಾಯಿತೆಂದು ಕೆಲಸಕ್ಕೆ ಹೊರಡುವ ಹೊತ್ತಿಗೆ ಬರಬಹುದು. ಉಗುಳಿನಲ್ಲಿ ತಾಜಾ ಕೆಂಪು ರಕ್ತ ಕಂಡರೆ ನುಂಗದೆ ಉಗುಳಿ, ಎದ್ದು ಕುಳಿತು, ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೊರಡಿ. ಆ ಎರಡು ವಾರ ಆಸ್ಪತ್ರೆಯಿಂದ ದೂರದ ಊರಿಗೆ ಪ್ರಯಾಣ ಬೇಡ. ಹಳ್ಳಿಯವರು ಪಟ್ಟಣದ ನೆಂಟರ ಮನೆಯಲ್ಲಿ ಉಳಿದರೆ ಒಳಿತು. ತಲೆಯ ಕಡೆ ಎತ್ತರ ಮಾಡಿ ಮಲಗಿಸಿ. ಹಿಂದೆ ಸಿ-ಪ್ಯಾಪ್ ಬಳಸುತ್ತಿದ್ದವರು ಅದನ್ನು ಯಾವಾಗ ಮತ್ತೆ ಹಾಕಬೇಕೆಂದು ಬಿಡುಗಡೆಯ ದಿನವೇ ಕೇಳಿಕೊಳ್ಳಿ.

ಎಂಟನೆಯ ಹೆಜ್ಜೆ: ಮೂರು ತಿಂಗಳ ನಂತರ ಮತ್ತೆ ಅಳತೆ

ಬಹಳ ಮಂದಿ ತಪ್ಪಿಸುವ ಹೆಜ್ಜೆ ಇದು. ಗೊರಕೆ ನಿಂತಿದೆ, ಇನ್ನೇನು ಬೇಕು ಎಂದು ಸುಮ್ಮನಾಗುತ್ತಾರೆ. ಊತ ಇಳಿದು ಕಲೆ ಗಟ್ಟಿಯಾಗಲು ಸುಮಾರು ಮೂರು ತಿಂಗಳು ಬೇಕು. ಆಗ ಮೊದಲಿನ ಬಗೆಯ ಪರೀಕ್ಷೆಯನ್ನೇ ಮತ್ತೆ ಮಾಡಿಸಿ. ಮೊದಲು ಪ್ರಯೋಗಾಲಯದಲ್ಲಿ ಮಾಡಿಸಿದ್ದರೆ ಈಗಲೂ ಅಲ್ಲಿಯೇ, ಇಲ್ಲವಾದರೆ ಎರಡು ಸಂಖ್ಯೆಗಳನ್ನು ಹೋಲಿಸುವುದಕ್ಕಾಗುವುದಿಲ್ಲ. ಶಸ್ತ್ರಚಿಕಿತ್ಸೆಯ ದಿನದ ತೂಕವನ್ನೂ ಬರೆದಿಟ್ಟುಕೊಂಡಿರಬೇಕು, ಏಕೆಂದರೆ ನುಂಗಲಾರದೆ ಇಳಿದ ಮೂರು ನಾಲ್ಕು ಕಿಲೊ ಮರಳಿ ಬಂದಾಗ ಗೊರಕೆಯೂ ಮರಳುವುದುಂಟು.

ಅಣ್ಣನಿಗೆ ಟಾನ್ಸಿಲ್ ತೆಗೆದು ಪಕ್ಕದ ಸ್ನಾಯುವನ್ನು ಎಳೆದು ಕಟ್ಟಿದ್ದರು. ಕಿರುನಾಲಿಗೆಯ ತುದಿಯನ್ನು ಮುಟ್ಟಲೂ ಇಲ್ಲ. ಎರಡನೆಯ ವರದಿಯಲ್ಲಿ 12 ಇದ್ದದ್ದು 4 ಆಗಿತ್ತು, ಅಂಗಾತ ಮಲಗಿದಾಗ ಮಾತ್ರ 9. ಅವರು ಈಗಲೂ ಬೆನ್ನಿಗೆ ದಿಂಬು ಕೊಟ್ಟು ಮಗ್ಗುಲಾಗಿಯೇ ಮಲಗುತ್ತಾರೆ, ಎರಡೂ ವರದಿಗಳನ್ನು ಅತ್ತಿಗೆ ಒಂದೇ ಫೈಲಿನಲ್ಲಿ ಬೀರುವಿನಲ್ಲಿಟ್ಟಿದ್ದಾರೆ, ಮುಂದಿನ ಪರೀಕ್ಷೆಯ ತಿಂಗಳನ್ನು ಅದರ ಮೇಲೆಯೇ ಬರೆದಿದ್ದಾರೆ.